ಅಜ್ಜಿಗೆ ಕಲಿಸಿದ ಲೆಕ್ಕ

ಕುಮಟೆಯ ಪೇಟೆಯಲ್ಲಿ ನನ್ನ ಅಜ್ಜಿಗೆ ಒಂದು ಚಿಕ್ಕ ಅಂಗಡಿಯಿತ್ತು. ಎಲೆ, ಅಡಿಕೆ, ಬೆಲ್ಲ, ಸೀಮೆಎಣ್ಣೆ ಇಷ್ಟೇ ಅಲ್ಲಿಯ ಸರಕು. ಮಾತಿಗೆ ಮಾತ್ರ ಎಂದೂ ಕೊರತೆಯಿರಲಿಲ್ಲ. ಕೊಳ್ಳಲು ಬಂದವರು ಜಗಲಿಯ ಮೇಲೆ ಕುಳಿತು ಸುಖದುಃಖ ಹೇಳಿಕೊಳ್ಳದೆ ಹಿಂದಿರುಗಿದುದನ್ನು ನಾನು ಕಂಡಿಲ್ಲ. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಎಮ್ಮೆ ಕರು ಹಾಕಿತು ಎಂಬುದೆಲ್ಲ ಮೊದಲು ತಿಳಿಯುತ್ತಿದ್ದುದು ಅವಳಿಗೇ.

1957ರ ಏಪ್ರಿಲ್ 1ರಂದು ನಯಾಪೈಸೆ ಬಂದಿತು. ಆ ಬೇಸಗೆಯ ರಜೆಗೆ ಮುಂಬಯಿಯಿಂದ ಹೋದ ನಾನು, ಇದೇ ಶಾಲೆಯ ನಾಲ್ಕನೆಯ ಇಯತ್ತೆಯ ಪಂಡಿತ, ಅಜ್ಜಿಗೆ ಲೆಕ್ಕ ಕಲಿಸಲು ಹೊರಟೆ. ಹದಿನಾರಾಣೆಗೆ 100 ಪೈಸೆಯಾದುದರಿಂದ ಆಣೆಗೆ ಆರೂಕಾಲು. ಕಾಲು ಬಿಟ್ಟು 6 ಎಂದು ಎಣಿಕೆ. ಆದರೆ ಮೂರಾಣೆಗೆ 18 ಅಲ್ಲ, 19! ಮೀನು ಮಾರುವ ಮುದುಕಿಯೊಬ್ಬಳು ದಿನಕ್ಕೆ ಮೂರು ಸಲ ಬಂದು ಒಂದೊಂದಾಣೆಯ ಎಲೆಯಡಿಕೆ ಒಯ್ಯುತ್ತಿದ್ದಳು. ಅಜ್ಜಿ ಒಳಗಿದ್ದಾಗ ಅವಳನ್ನು ತಡೆದು, "ಒಂದು ಪೈಸೆ ಬಾಕಿ" ಎಂದೆ. ನಾಲ್ಕು ಜನರೆದುರಿಗೇ ಎಂದೆ. ಅವಳು ಎಲೆಯನ್ನು ಅಲ್ಲಿಯೇ ಇಟ್ಟು ಹೊರಟುಹೋದಳು. ಮರುದಿನ ಬರಲಿಲ್ಲ.

ಅಜ್ಜಿ ಬೈಯಲಿಲ್ಲ. "ತಮ್ಮಾ, ಮೂರಾಣೆಯ ಎಲೆಯನ್ನು ಒಮ್ಮೆಗೇ ಒಯ್ಯಲು ಅವಳಿಗೆ ತಿಳಿಯದೆ? ಮನೆಯಲ್ಲಿ ಮಾತನಾಡಲು ಅವಳಿಗೆ ಯಾರಿದ್ದಾರೆ?" ಎಂದಳು. ಸಂಜೆ ಹೊತ್ತಿಗೆ ಮುಂಚೆಯೇ ಅಂಗಡಿ ಮುಚ್ಚಿ, ಎಲೆಯ ಕಟ್ಟೊಂದನ್ನು ಸೆರಗಿನಲ್ಲಿಟ್ಟುಕೊಂಡು, ನನ್ನ ಕೈ ಹಿಡಿದು ಅವಳ ಗುಡಿಸಲಿಗೆ ನಡೆದಳು.

ಕತ್ತಲಾಗುವವರೆಗೂ ಅವರಿಬ್ಬರೂ ಮಾತನಾಡಿದರು. ನಾನು ಹೊಸಿಲ ಹೊರಗೆ ತಲೆತಗ್ಗಿಸಿ ಕುಳಿತಿದ್ದೆ. ಏಳುವಾಗ ಆ ಮುದುಕಿ ನನ್ನ ಕೈಯಲ್ಲಿ ಒಂದು ಬೆಲ್ಲದ ಚೂರನ್ನಿಟ್ಟಳು. ಅದು ನಮ್ಮ ಅಂಗಡಿಯದೇ ಬೆಲ್ಲ.