ಹದವಾದ ಮುಖ

ನಮ್ಮ ತಂದೆಯವರು ಲಿಂಗೈಕ್ಯರಾಗಿ ಇಪ್ಪತ್ತು ವರ್ಷಗಳ ಮೇಲಾಯಿತು. ಅವರ ಪೆಟ್ಟಿಗೆಯಲ್ಲಿದ್ದ ಕ್ಷೌರದ ಕತ್ತಿ, ಅದನ್ನು ತೀಡುವ ಚರ್ಮದ ಪಟ್ಟಿ, ಸವೆದ ಬ್ರಷ್ಷು ಈಗ ನನ್ನ ಬಳಿ ಇವೆ. ಬೆಳಿಗ್ಗೆ ಅವುಗಳನ್ನು ಕೈಗೆತ್ತಿಕೊಂಡಾಗಲೆಲ್ಲ ಒಬ್ಬ ಹಿರಿಯರು ನನಗೆ ಕಲಿಸಿದ ಪಾಠ ನೆನಪಾಗುತ್ತದೆ. ಕತ್ತಿ ಹಿಡಿಯುವ ಮುನ್ನ ಮುಖವನ್ನು ಹದಗೊಳಿಸುವ ಪಾಠವದು. ಹಾಸಿಗೆ ಹಿಡಿದ ಹಿರಿಯರ ಸೇವೆ ಮಾಡುತ್ತಿರುವ ಕುಟುಂಬಗಳಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಧಾರವಾಡ ಜಿಲ್ಲೆಯ ಒಂದು ಸಣ್ಣ ಹಳ್ಳಿ ನಮ್ಮದು. 1998ರ ಶ್ರಾವಣದಲ್ಲಿ ತಂದೆಯವರಿಗೆ ಪಾರ್ಶ್ವವಾಯು ತಗುಲಿ ಬಲಗೈ, ಬಲಗಾಲುಗಳ ಸ್ವಾಧೀನ ತಪ್ಪಿತು. ಮಾತು ತೊದಲಿತು. ಎಡ ಅಂಗೈಯಲ್ಲಿ ಇಷ್ಟಲಿಂಗವನ್ನು ಹಿಡಿಯುವ ಶಕ್ತಿ ಮಾತ್ರ ಉಳಿದಿತ್ತು. ಸ್ನಾನ ಮಾಡಿ, ಗಡ್ಡ ತೆಗೆದು, ವಿಭೂತಿ ಧರಿಸಿದ ಮೇಲೆಯೇ ಪೂಜೆಗೆ ಕುಳಿತುಕೊಳ್ಳುವುದು ಅವರು ಪ್ರಾಯದಿಂದಲೂ ನಡೆಸಿಕೊಂಡು ಬಂದ ರೂಢಿ. ನಾಲ್ಕು ದಿನದ ಗಡ್ಡವನ್ನು ಎಡಗೈಯಿಂದ ಸವರಿಕೊಂಡು, ಗೋಡೆಗೆ ತೂಗುಹಾಕಿದ ಪಟ್ಟಿಯ ಕಡೆಗೆ ನೋಡುತ್ತಿದ್ದರು. ಯಂತ್ರದಿಂದ ತೆಗೆಯುವುದು ಕ್ಷೇಮವೆಂದು ವೈದ್ಯರು ಹೇಳಿದ್ದರು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು ಕೊಟ್ಟಿದ್ದರಿಂದ ಸಣ್ಣ ಗಾಯವಾದರೂ ರಕ್ತ ಬೇಗ ನಿಲ್ಲುವಂತಿರಲಿಲ್ಲ. ಆದರೆ ಯಂತ್ರವನ್ನು ತೋರಿಸಿದರೆ ತಂದೆಯವರು ಮುಖ ತಿರುಗಿಸುತ್ತಿದ್ದರು.

ಒಂದು ದಿನ ಶಾಲೆಗೆ ಹೊತ್ತಾಯಿತೆಂಬ ಅವಸರದಲ್ಲಿ ತಣ್ಣೀರು ಚಿಮುಕಿಸಿ, ಸಾಬೂನು ಸವರಿ, ನಾನೇ ಕತ್ತಿ ಆಡಿಸಿದೆ. ಕೂದಲು ಕತ್ತರಿಸುವ ಬದಲು ಕಿತ್ತು ಬಂದಂತಾಯಿತು. ಬಲವಾಗಿ ಒತ್ತಿದೆ. ದವಡೆಯ ಕೆಳಗೆ ಗಾಯವಾಯಿತು. ಬಟ್ಟೆ ಒತ್ತಿ ಹಿಡಿದು ಅರ್ಧ ಗಂಟೆ ಕುಳಿತೆ. ತಂದೆಯವರು ಬಾಯಿ ಬಿಡಲಿಲ್ಲ. ಕಣ್ಣಿನಲ್ಲಿ ನೀರು ನಿಂತಿತ್ತು. ಆ ದಿನ ಪಾಠ ಹೇಳುವಾಗ ನನ್ನ ಕೈ ನಡುಗುತ್ತಿತ್ತು.

ಸಂಜೆ ನಮ್ಮ ಮನೆಗೆ ಆಯ ಪಡೆದು ಕ್ಷೌರ ಮಾಡುತ್ತಿದ್ದ ಹಡಪದ ಕಾಕಾನ ಬಳಿಗೆ ಹೋದೆ. ಕಣ್ಣಿಗೆ ಪೊರೆ ಬಂದು ಅವರು ಕೆಲಸ ಬಿಟ್ಟಿದ್ದರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ನಿಕಟವರ್ತಿಯಾಗಿದ್ದ ಹಡಪದ ಅಪ್ಪಣ್ಣನವರನ್ನು ತಮ್ಮ ಮೂಲಪುರುಷರೆಂದು ಗೌರವಿಸುವ ಮನೆತನ ಅವರದು. ಹೀಗಿದ್ದೂ ನಲವತ್ತು ವರ್ಷ ಅವರು ನಮ್ಮ ಮನೆಯ ಹೊರಗಿನ ಕಟ್ಟೆಯ ಮೇಲೆ ಕುಳಿತೇ ಕೆಲಸ ಮಾಡಿದ್ದರು. ಒಳಗೆ ಬನ್ನಿರೆಂದು ನಾವು ಕರೆದಿರಲಿಲ್ಲ. ಶರಣರ ಮಾತನ್ನು ಮಕ್ಕಳಿಗೆ ಹೇಳಿಕೊಡುವ ನನಗೆ ಅದು ಹೊಳೆದದ್ದು ಮರುದಿನ ಅವರು ಅಭ್ಯಾಸದಂತೆ ಕಟ್ಟೆಯ ಬಳಿ ನಿಂತಾಗ.

“ಕಾಕಾ, ಒಳಗ ಬರ್ರಿ” ಎಂದೆ. ತಂದೆಯವರ ಮಂಚದ ಪಕ್ಕದಲ್ಲಿ ಕುರ್ಚಿ ಹಾಕಿದೆ. ಅವರು ಗಾಯವನ್ನು ಬೆರಳಿನಿಂದ ಮುಟ್ಟಿ ನೋಡಿ, “ತಮ್ಮಾ, ಹೊಲಾ ಹದಾ ಆಗದ ಬಿತ್ತತಾರೇನು? ಮದಲ ಗಡ್ಡಕ್ಕ ನೀರ ಕುಡಸು” ಎಂದರು.

ಅಲ್ಲಿಂದ ಪಾಠ ಮೊದಲಾಯಿತು. ಚರ್ಮದ ಜಿಡ್ಡು ಕೂದಲಿಗೆ ನೀರು ಹೋಗಗೊಡುವುದಿಲ್ಲ. ಆದ್ದರಿಂದ ಮೊದಲು ಸಾಬೂನಿನಿಂದ ಮುಖ ತೊಳೆಯಬೇಕು. ಬಳಿಕ ಬಿಸಿ ನೀರಿನಲ್ಲಿ ಅದ್ದಿ ಹಿಂಡಿದ ವಸ್ತ್ರವನ್ನು ಮೂರು ನಾಲ್ಕು ನಿಮಿಷ ಗಡ್ಡದ ಮೇಲೆ ಇಡಬೇಕು. ಆರಿದರೆ ಮತ್ತೆ ಅದ್ದಬೇಕು. ನೀರು ಹೀರಿದ ಕೂದಲು ಉಬ್ಬಿ ಮೆತ್ತಗಾಗುತ್ತದೆ, ಕಡಿಮೆ ಒತ್ತಡಕ್ಕೇ ಕತ್ತರಿಸುತ್ತದೆ. ವಸ್ತ್ರದ ಬಿಸಿಯನ್ನು ನನ್ನ ಮಣಿಕಟ್ಟಿನ ಮೇಲೆ ಪರೀಕ್ಷಿಸಬೇಕೆಂದು ಕಾಕಾ ಒತ್ತಿ ಹೇಳಿದರು. ತಂದೆಯವರ ಬಲಗೆನ್ನೆಗೆ ಸ್ಪರ್ಶಜ್ಞಾನ ಕುಂದಿತ್ತು. ಸುಟ್ಟರೂ ಅವರಿಗೆ ತಿಳಿಯುತ್ತಿರಲಿಲ್ಲ. ಈ ಎಚ್ಚರಿಕೆ ನನಗೆ ಹೊಳೆದಿರಲಿಲ್ಲ.

ಆ ಮೇಲೆ ಬೆರಳಿನಿಂದ ಗಡ್ಡ ಸವರಿ, ಕೂದಲು ಯಾವ ಕಡೆ ಬಾಗಿ ಬೆಳೆದಿದೆಯೆಂದು ತಿಳಿಯಬೇಕು. ಕೆನ್ನೆಯಲ್ಲಿ ಕೆಳಮುಖವಾಗಿದ್ದುದು ಕುತ್ತಿಗೆಯಲ್ಲಿ ಅಡ್ಡಲಾಗಿಯೋ ಮೇಲ್ಮುಖವಾಗಿಯೋ ಇರಬಹುದು. ನೆನೆಸಿದ ಬ್ರಷ್ಷಿನಿಂದ ಸಾಬೂನನ್ನು ಸುತ್ತುಸುತ್ತಾಗಿ ತಿಕ್ಕಿದರೆ ನೊರೆ ಕೂದಲಿನ ಬುಡಕ್ಕೆ ಇಳಿದು ಅದನ್ನು ಎಬ್ಬಿಸಿ ನಿಲ್ಲಿಸುತ್ತದೆ. ನೊರೆ ಮೊಸರಿನ ಕೆನೆಯಷ್ಟು ದಪ್ಪವಿರಬೇಕು. ಹಚ್ಚಿ ಒಂದು ನಿಮಿಷ ಬಿಡಬೇಕು, ಒಣಗಲು ಮಾತ್ರ ಬಿಡಬಾರದು. ಈ ನಡುವೆ ಕತ್ತಿಯನ್ನು ಪಟ್ಟಿಯ ಮೇಲೆ, ಅಲಗಿನ ಬೆನ್ನು ಮುಂದಾಗಿ, ಹತ್ತಿಪ್ಪತ್ತು ಸಲ ಎಳೆಯಬೇಕು.

“ಕತ್ತಿ ನೆಲಕ್ಕ ಮಲಗಬಾರದು, ನಿಂದ್ರಲೂಬಾರದು” ಎಂದು ಕಾಕಾ ನನ್ನ ಕೈ ಹಿಡಿದು ಸುಮಾರು ಮೂವತ್ತು ಅಂಶದ ಓರೆ ತೋರಿಸಿದರು. ಜೋತುಬಿದ್ದ ಬಲಗೆನ್ನೆಯನ್ನು ಕಿವಿಯ ಕಡೆಗೆ ಎಳೆದು ಹಿಡಿಯಬೇಕಿತ್ತು. ಬೆರಳು ಜಾರದಿರಲೆಂದು ತುರಟಿಯ ಹರಳನ್ನು ಮುಟ್ಟಿಸಿಕೊಳ್ಳುವುದನ್ನು ಕಲಿಸಿದರು. ಕೂದಲು ಬಾಗಿದ ದಿಕ್ಕಿಗೇ ಎಳೆದೆ. ಒತ್ತಲಿಲ್ಲ. ಒಣ ಎಲೆಯ ಮೇಲೆ ಗಾಳಿ ಹರಿದಂಥ ಸದ್ದು ಬಂತು. ಕಾಕಾ ಕಣ್ಣು ಮುಚ್ಚಿ ಆ ಸದ್ದನ್ನೇ ಕೇಳುತ್ತಿದ್ದರು. ಸದ್ದು ಒರಟಾದೊಡನೆ “ನೀರ ಕಡಿಮಿ ಆತು” ಎನ್ನುತ್ತಿದ್ದರು. ಮುಗಿದ ಮೇಲೆ ತಣ್ಣೀರಿನಿಂದ ತೊಳೆದು, ತುರಟಿ ಸವರಿ, ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿದೆ. ತಂದೆಯವರು ಎಡಗೈಯಿಂದ ಮುಖ ಸವರಿಕೊಂಡು, ಆ ಕೈಯನ್ನು ಕಾಕಾನ ಕೈಮೇಲೆ ಇಟ್ಟರು. ಇಬ್ಬರೂ ಮಾತನಾಡಲಿಲ್ಲ. ತಾಯಿಯವರು ಇಬ್ಬರಿಗೂ ಚಹ ತಂದುಕೊಟ್ಟರು.

ಅಂಥ ಮಾತ್ರೆ ಸೇವಿಸುವ ರೋಗಿಗಳಿಗೆ ವೈದ್ಯರು ಹೇಳಿದಂತೆ ಯಂತ್ರವೇ ಕ್ಷೇಮವೆಂದು ಓದುಗರಿಗೆ ಇಂದೂ ಹೇಳುತ್ತೇನೆ. ಒಬ್ಬರ ಕತ್ತಿಯನ್ನು ಮತ್ತೊಬ್ಬರಿಗೆ ಬಳಸಲೇಬಾರದು. ಕಾಮಾಲೆ, ಏಡ್ಸ್‌ಗಳ ಸೋಂಕು ರಕ್ತದಿಂದ ದಾಟಬಲ್ಲದು. ಅಂಗಡಿಗೆ ಹೋದಾಗ ಹೊಸ ಬ್ಲೇಡು ಹಾಕುವುದನ್ನು ಕಣ್ಣಾರೆ ನೋಡಬೇಕು. ಆದರೆ ಸಾಧನ ಯಾವುದೇ ಇರಲಿ, ನೀರು ಮತ್ತು ನೊರೆಗೆ ಕೊಡುವ ಆ ಐದಾರು ನಿಮಿಷಗಳನ್ನು ಉಳಿಸಲು ಹೋಗಬಾರದು.

ಮುಂದೆ ಎರಡೂವರೆ ವರ್ಷ ಈ ಸೇವೆ ನನ್ನ ಪಾಲಿಗೆ ಬಂತು. ಮಗನಾಗಿ ತಂದೆಯ ಮುಖವನ್ನು ಅಷ್ಟು ಹತ್ತಿರದಿಂದ ನಾನು ಅದಕ್ಕೆ ಮೊದಲು ನೋಡಿಯೇ ಇರಲಿಲ್ಲ. 2001ರಲ್ಲಿ ಅವರು ಲಿಂಗೈಕ್ಯರಾದ ಬೆಳಿಗ್ಗೆ, ಸ್ನಾನ ಮಾಡಿಸುವ ಮುನ್ನ ಗಡ್ಡ ತೆಗೆಯಲು ಕುಳಿತೆ. ಯಾರೋ ತಣ್ಣೀರಿನ ತಂಬಿಗೆ ತಂದಿಟ್ಟರು. ಬಾಗಿಲಲ್ಲಿ ನಿಂತಿದ್ದ ಕಾಕಾ ಒಳಗೆ ಬಂದು, “ಬಿಸಿನೀರ ತರ್ರಿ” ಎಂದರು. ವಸ್ತ್ರವನ್ನು ಅದ್ದಿ ಹಿಂಡಿ, ಎಂದಿನಂತೆ ನನ್ನ ಮಣಿಕಟ್ಟಿನ ಮೇಲೆ ಬಿಸಿ ನೋಡಿಕೊಂಡೆ.