ಬಲಗೈಯ ಉಪಕಾರ

ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ ನನಗೆ, ಪಾಠ ಹೇಳುವುದು ಬರುತ್ತದೆಂಬ ಭ್ರಮೆಯಿತ್ತು. ಅದನ್ನು ಬಿಡಿಸಿದವನು ನನ್ನ ಸೋದರಳಿಯ.

2017ರಲ್ಲಿ, ಬಿ.ಕಾಂ. ಓದುತ್ತಿದ್ದಾಗ, ಅವನು ಸ್ಕೂಟರಿನಿಂದ ಬಿದ್ದ. ಹೆಲ್ಮೆಟ್ಟು ತಲೆಯ ಮೇಲಿರಲಿಲ್ಲ, ತೋಳಿನಲ್ಲಿತ್ತು. ಜೀವ ಉಳಿಯಿತು, ಬಲಗೈಯ ಶಕ್ತಿ ಕುಂದಿತು. ಕೆಲವು ತಿಂಗಳಲ್ಲಿ ಮುಖಕ್ಕೆ ಕಳೆ ಬಂತು, ಮಾತೂ ಸರಿಹೋಯಿತು. ನೋಡಬಂದವರೆಲ್ಲ, "ಹುಡುಗ ಗುಣವಾದ, ಇನ್ನೇನು, ಕಾಲೇಜಿಗೆ ಕಳಿಸಿ" ಎಂದು ಕಾಫಿ ಕುಡಿದು ಹೋದರು. ನಾನೂ ಹಾಗೆಯೇ ನಂಬಿ ಅವನನ್ನು ಪಾಠಕ್ಕೆ ಕೂರಿಸಿದೆ.

ಒಂದು ಪುಟ ಓದುವಷ್ಟರಲ್ಲಿ ದಣಿಯುತ್ತಿದ್ದ. ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೆ ಲೆಕ್ಕ ತಪ್ಪುತ್ತಿತ್ತು. ಒಂದು ಸಂಜೆ ನಾನು ರೇಗಿ, "ಈಗ ತಾನೆ ಹೇಳಿದೆನಲ್ಲೋ!" ಎಂದೆ. ಅವನು ಪುಸ್ತಕ ಮುಚ್ಚಿ, "ಹೇಳಿರುತ್ತೀರಿ ಮಾವ. ನೆನಪಿದೆಯೆಂದು ಸುಳ್ಳು ಹೇಳಲೆ?" ಎಂದ. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ತಜ್ಞರನ್ನು ಕೇಳಿದೆವು. ಈ ದಣಿವು ಸೋಮಾರಿತನವಲ್ಲ, ಪೆಟ್ಟು ತಿಂದ ಮಿದುಳಿಗೆ ಹಿಂದೆ ತಾನಾಗಿ ನಡೆಯುತ್ತಿದ್ದ ಕೆಲಸಕ್ಕೂ ಈಗ ಶ್ರಮ ಬೇಕು ಎಂದರು. ಅಂದಿನಿಂದ ಅರ್ಧ ಗಂಟೆ ಓದು, ಹತ್ತು ನಿಮಿಷ ವಿಶ್ರಾಂತಿ. ಒಮ್ಮೆಗೆ ಒಂದೇ ಕೆಲಸ. ಮರೆಯಬಾರದ್ದಕ್ಕೆಲ್ಲ ಜೇಬಿನಲ್ಲೊಂದು ಪುಟ್ಟ ಪುಸ್ತಕ.

ಪರೀಕ್ಷೆಯಲ್ಲಿ ಹೆಚ್ಚು ವೇಳೆ ಕೇಳಲು ಹೋದರೆ, ಕಾಲೇಜಿನ ಕಚೇರಿಯಲ್ಲಿ ಹುಡುಗನ ಮುಖ ನೋಡಿ, "ಚೆನ್ನಾಗಿಯೇ ಇದ್ದಾನಲ್ಲ!" ಎಂದರು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯನ್ನು ತಂದು ಓದಿದೆ. ಅದರ ಪಟ್ಟಿಯಲ್ಲಿ 21 ಬಗೆಯ ಊನಗಳಿವೆ. ಮಿದುಳಿನ ಪೆಟ್ಟೆಂಬ ಹೆಸರು ಮಾತ್ರ ಅದರಲ್ಲಿಲ್ಲ! ಕೊನೆಗೆ ಕಾಪಾಡಿದ್ದು ಆ ಬಲಗೈ. ಅದಕ್ಕೆ ನೂರಕ್ಕೆ 40ರಷ್ಟು ಊನವೆಂದು ಪ್ರಮಾಣಪತ್ರ ಸಿಕ್ಕಿತು. ಅಂಥವರಿಗೆ 3 ಗಂಟೆಯ ಪರೀಕ್ಷೆಯಲ್ಲಿ ಕನಿಷ್ಠ 1 ಗಂಟೆ ಹೆಚ್ಚು ಕೊಡಬೇಕೆಂದು ಕೇಂದ್ರ ಸರ್ಕಾರ 2018ರಲ್ಲಿ ಸೂಚಿಸಿತ್ತು. ತಲೆಗೆ ಬೇಕಾದ ವೇಳೆಯನ್ನು ಕೈ ಸಂಪಾದಿಸಿಕೊಟ್ಟಿತು. ಕೈಗೆ ಏನೂ ಆಗದವರ ಗತಿ ಏನು, ನೀವೇ ಹೇಳಿ.

2019ರ ಪರೀಕ್ಷೆಯ ದಿನ ಗೇಟಿನ ಬಳಿ ಕಾದಿದ್ದೆ. ಗೆಳೆಯರೆಲ್ಲ ಹೋದ ಮೇಲೆ, ಒಬ್ಬನೇ ಬಂದ. "ಕೊನೆಯ ಪ್ರಶ್ನೆಯವರೆಗೂ ಬರೆದೆ ಮಾವ" ಎಂದ. ಬಸ್ಸಿನಲ್ಲಿ ಅವನು ನಿದ್ದೆಹೋದಾಗ ಆ ಪುಟ್ಟ ಪುಸ್ತಕ ಜಾರಿ ನನ್ನ ತೊಡೆಯ ಮೇಲೆ ಬಿತ್ತು. ತೆರೆದುಕೊಂಡ ಪುಟದಲ್ಲಿ ಸೊಟ್ಟ ಅಕ್ಷರದ ಒಂದು ಸಾಲು: "ಮಾವ ರೇಗಿದರೆ ಹತ್ತು ನಿಮಿಷ ಸುಮ್ಮನಿರುವುದು. ಆಮೇಲೆ ಅವರೇ ಇನ್ನೊಮ್ಮೆ ಹೇಳಿಕೊಡುತ್ತಾರೆ."

ಅವನು ಎದ್ದ ಮೇಲೆ, "ಇದನ್ನು ಹೊಡೆದುಹಾಕೋ" ಎಂದೆ.

"ಇರಲಿ ಮಾವ, ಮುಂದಿನ ವರ್ಷವೂ ಬೇಕಾಗುತ್ತದೆ" ಎಂದ.