ನೆಲೆ ಬದಲಿಸಿದ ಮನೆಗಳು

ಪೆರ್ಡೂರಿನ ಅನಂತಪದ್ಮನಾಭನಿಗೆ ಬಾಳೆಹಣ್ಣಿನ ಸೇವೆ ಸಲ್ಲಿಸಿ, ಹಿರಿಯಡ್ಕ, ಪರ್ಕಳಗಳ ಮಾರ್ಗವಾಗಿ ಉಡುಪಿಗೆ ಮರಳುವ ಯಾತ್ರಿಕರು ಮಣಿಪಾಲದಲ್ಲಿ ಇಳಿದು ನೋಡತಕ್ಕ ಸ್ಥಳವೊಂದಿದೆ. ಎತ್ತರದ ಕಟ್ಟಡಗಳ ಆ ವಿದ್ಯಾನಗರದ ಮಗ್ಗುಲಲ್ಲಿ, ಸುಮಾರು ಆರು ಎಕರೆ ನೆಲದಲ್ಲಿ, ಊರೂರುಗಳಿಂದ ಬಂದು ನಿಂತ ಹಳೆಯ ಮನೆಗಳ ಕೇರಿಯದು. ಹೆಸರು ಹಸ್ತಶಿಲ್ಪ ಪಾರಂಪರಿಕ ಗ್ರಾಮ.

ಮನೆಗಳು ಬರುವುದೆಂದರೇನು? ಕಾಪು ಸೀಮೆಯ ಕುಂಜೂರಿನ ಚೌಕಿಮನೆ 1816ರಷ್ಟು ಹಳೆಯದು. ಅದನ್ನು ಅಳೆದು, ನಕ್ಷೆ ಬರೆದು, ಮರದ ತುಂಡು ತುಂಡಿಗೂ ಗುರುತು ಹಾಕಿ ಬಿಚ್ಚಿ ತಂದು, ಮೊದಲಿದ್ದಂತೆಯೇ ಮರಳಿ ಜೋಡಿಸಲಾಯಿತು. ಕಾರ್ಕಳದ ಪಕ್ಕದ ಮಿಯಾರಿನ ಮನೆ ಬಂದದ್ದೂ ಹೀಗೆಯೇ. ಘಟ್ಟದ ಮೇಲಿನ ಮುಧೋಳದ ದರ್ಬಾರು ಕೂಡ ಇಲ್ಲಿಗೆ ಬಂದಿದೆ.

ಈ ಸಾಹಸದ ಹಿಂದಿದ್ದವರು ವಿಜಯನಾಥ ಶೆಣೈ (1934–2017). ಅರಸರಲ್ಲ, ಜಮೀನುದಾರರಲ್ಲ, ಬ್ಯಾಂಕಿನ ನೌಕರರು. 1974ರ ಭೂಸುಧಾರಣೆಯಿಂದ ಕರಾವಳಿಯ ದೊಡ್ಡ ಮನೆಗಳ ಗೇಣಿಭೂಮಿ ಒಕ್ಕಲುಗಳ ಪಾಲಾಯಿತು. ಅದು ನ್ಯಾಯವೇ, ಆದರೆ ಅಕ್ಕಿಮುಡಿ ಬಾರದ ಚಾವಡಿಯ ಮಾಡು ರಿಪೇರಿ ಮಾಡಿಸುವವರಾರು? ಮಕ್ಕಳು ಮುಂಬಯಿ, ಬೆಂಗಳೂರು ಸೇರಿದರು. ಕೆತ್ತನೆಯ ಕಂಬಗಳು ಬರಿಯ ಮರದ ಬೆಲೆಗೆ ಮಾರಾಟವಾದವು. ಅಂಥವನ್ನು ಕೊಂಡುಕೊಂಡು ಶೆಣೈಯವರು ಮೊದಲು ತಮಗೊಂದು ಮನೆ ಕಟ್ಟಿಸಿದರು. ನೋಡಬಂದವರ ದಟ್ಟಣೆ ಎಷ್ಟಾಯಿತೆಂದರೆ ಕೊನೆಗೆ ಮನೆಯವರೇ ಬೇರೆಡೆ ವಾಸ ಹೂಡಬೇಕಾಯಿತು!

ಜಪಾನಿನ ಯಾನಗಿ ಸೋಯೆತ್ಸು 1936ರಲ್ಲಿ ಟೋಕಿಯೋದಲ್ಲಿ ಹೆಸರಿಲ್ಲದ ಕುಶಲಕರ್ಮಿಗಳ ಬೋಗುಣಿ, ಬುಟ್ಟಿಗಳಿಗೆಂದೇ ಒಂದು ಸಂಗ್ರಹಾಲಯ ತೆರೆದರು. ನಮ್ಮವರಿಗೆ ದರ್ಬಾರು ಕಂಡಾಗ ಮೂಡುವ ಬೆರಗು ಒರಳು ಕಂಡಾಗ ಮೂಡುವುದಿಲ್ಲ. ಮಳೆಗೆ ತಲೆಯ ಮೇಲೇರುತ್ತಿದ್ದ ಗೊರಬು, ಹಾಳೆಯ ಮುಟ್ಟಾಳೆ, ಅಕ್ಕಿ ಅಳೆಯುವ ಕಳಸಿಗೆ, ಆಷಾಢದ ಬಿಡುವಿಗೆ ಚೆನ್ನೆಮಣೆ: ಇವು ಅಜ್ಜಿಯ ಕಾಲದ ನಂತರ ಅಟ್ಟ ಸೇರುತ್ತವೆ, ಅಲ್ಲಿಂದ ಬಚ್ಚಲೊಲೆಗೆ. ದರ್ಬಾರಿಗೆ ಚರಿತ್ರೆಯ ಪುಸ್ತಕದ ಆಸರೆಯುಂಟು. ಕಳಸಿಗೆಗೆ ಅದೂ ಇಲ್ಲ.

ಕುಂಜೂರಿನ ಮನೆಯ ಅಂಗಳದಲ್ಲಿ ನಿಂತವರಿಗೆ ಒಂದು ಕೊರತೆ ತಟ್ಟದಿರದು. ಇಲ್ಲಿ ಬಾಣಂತನವಿಲ್ಲ, ಜಗಳವಿಲ್ಲ, ಒಲೆಯ ಹೊಗೆಯಿಲ್ಲ. ಹೊಗೆಯೆಂದರೆ ಕಣ್ಣೀರು ಮಾತ್ರವಲ್ಲ. ಮಾಡಿನ ಮರಕ್ಕೆ ಮಸಿ ಹತ್ತಿಸಿ ಹುಳ ಹಿಡಿಯದಂತೆ ತಲೆಮಾರುಗಟ್ಟಲೆ ಕಾಯುತ್ತಿದ್ದುದೂ ಅದೇ. ಈಗ ಆ ಕಾವಲು ಪೂರಾ ಮನುಷ್ಯರ ಕೈಗೆ ಬಿದ್ದಿದೆ. ನಾಲ್ಕು ತಿಂಗಳ ಮಳೆ, ಗೆದ್ದಲು, ಉಪ್ಪುಗಾಳಿ ಇವಾವುವೂ ವರ್ಷ ತಪ್ಪಿಸುವುದಿಲ್ಲ.